ನಾಯಿಗಲ್ಲ, ಮೊದಲು ಮನೆಗೆ ತರಬೇತಿ ಕೊಡಿ

2022ರ ಜೂನ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ‘777 ಚಾರ್ಲಿ’ ನೋಡಿ ಕಣ್ಣೀರು ಹಾಕಿದ್ದರು. ಬೆನ್ನಲ್ಲೇ ಆ ಸಿನಿಮಾಕ್ಕೆ ಆರು ತಿಂಗಳ ಕಾಲ ರಾಜ್ಯದ ಪಾಲಿನ ಜಿಎಸ್‌ಟಿ ವಿನಾಯಿತಿಯೂ ಸಿಕ್ಕಿತು. ನಾಯಿಗೋಸ್ಕರ ಅಳೋದರಲ್ಲಿ ಆಡಳಿತ ಪಕ್ಷ, ವಿರೋಧ ಪಕ್ಷ ಅಂತೇನಿಲ್ಲ. ಕರ್ಚೀಫು ಒದ್ದೆ ಮಾಡಿಕೊಂಡು ಥಿಯೇಟರಿನಿಂದ ಹೊರಬಂದವರಲ್ಲಿ ನಾನೂ ಒಬ್ಬ.

ಆದರೆ ನಾಯಿಗೆ ಜ್ವರ ಅಂತ ಅರ್ಧ ಪ್ಯಾರಾಸಿಟಮಾಲ್ ಪುಡಿ ಮಾಡಿ ಮೊಸರನ್ನಕ್ಕೆ ಕಲಸಿ ಕೊಡೋರು ಕಟುಕರಲ್ಲ, ಪ್ರೀತಿ ಇರೋರೇ. ಹಬ್ಬದ ದಿನ ‘ಪಾಪ, ಅದಕ್ಕೂ ಸ್ವಲ್ಪ ಬಡಿಸಿ’ ಅಂತ ದ್ರಾಕ್ಷಿ ಹಾಕಿದ ಪಾಯಸ ಕೊಡೋರೂ ಅವರೇ. ಸಾಕುನಾಯಿಗಳಿಗೆ ಮನೆಯೊಳಗೆ ಆಗುವ ಅನಾಹುತಗಳಲ್ಲಿ ಬಹಳಷ್ಟಕ್ಕೆ ಕಾರಣ ಕ್ರೌರ್ಯ ಅಲ್ಲ. ಮನೆ ಅನ್ನೋದನ್ನ ನಾವು ಮನುಷ್ಯರ ದೇಹಕ್ಕೆ ಅಂತ ಕಟ್ಟಿಕೊಂಡಿದ್ದೇವೆ, ಅದರೊಳಗೆ ಬೇರೊಂದು ದೇಹವನ್ನು ತಂದು ಬಿಟ್ಟಿದ್ದೇವೆ. ಆಮೇಲೆ ಏನಾದರೂ ಆದರೆ ‘ಹೊಟ್ಟೆಬಾಕ, ಸಿಕ್ಕಿದ್ದೆಲ್ಲ ತಿನ್ನುತ್ತೆ’ ಅಂತ ತಪ್ಪನ್ನು ನಾಯಿಯ ತಲೆಗೆ ಕಟ್ಟುತ್ತೇವೆ.

ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಕಾರ್ಖಾನೆಯಲ್ಲಿ ಕಾರ್ಮಿಕನ ಬೆರಳು ಕತ್ತರಿಸಿ ಹೋದಾಗ ಮಾಲೀಕ ಹೇಳೋದೂ ಇದನ್ನೇ: ‘ಅವನೇ ಎಚ್ಚರ ತಪ್ಪಿದ.’

ಎಂಜಿನಿಯರಿಂಗ್ ಓದಿದ್ದರಲ್ಲಿ ನನಗೆ ಇವತ್ತಿಗೂ ಉಪಯೋಗಕ್ಕೆ ಬರುವ ಕೆಲವೇ ಪಾಠಗಳಲ್ಲಿ ಒಂದು, ಕೈಗಾರಿಕಾ ಸುರಕ್ಷತೆಯ ಐದು ಮೆಟ್ಟಿಲಿನ ಏಣಿ. ಅಪಾಯವನ್ನೇ ತೆಗೆದುಹಾಕೋದು ಮೊದಲನೆಯದು. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಅದರ ಜಾಗಕ್ಕೆ ತರೋದು. ಅದೂ ಆಗದಿದ್ದರೆ ಅಡ್ಡ ಕಟ್ಟೋದು. ನಾಲ್ಕನೆಯದು ನಿಯಮ, ತರಬೇತಿ, ಎಚ್ಚರಿಕೆ ಬೋರ್ಡು. ಕೊನೆಯದು ಮೈಮೇಲಿನ ರಕ್ಷಣೆ, ಅಂದರೆ ಹೆಲ್ಮೆಟ್ಟು, ಗ್ಲೌಸು. ಮೇಲಿನಿಂದ ಕೆಳಗೆ ಬಂದಷ್ಟೂ ನಂಬಿಕೆ ಕಡಿಮೆ, ಯಾಕಂದ್ರೆ ಕೆಳಗಿನವೆಲ್ಲ ಯಾರೋ ಒಬ್ಬರು ಸದಾ ಎಚ್ಚರವಾಗಿರಬೇಕು ಅನ್ನುವುದರ ಮೇಲೆ ನಿಂತಿವೆ. ನಾಯಿ ಸಾಕುವ ಮನೆಗಳಲ್ಲಿ ನಾವು ಸಾಮಾನ್ಯವಾಗಿ ನಾಲ್ಕನೇ ಮೆಟ್ಟಿಲಲ್ಲೇ ಕೂತಿರುತ್ತೇವೆ: ‘ಏಯ್, ಬಿಡು!’

ಈ ಏಣಿಯನ್ನೇ ಹಿಡಿದುಕೊಂಡು ಮನೆಯೊಳಗೆ ಒಂದು ಸುತ್ತು ಬರೋಣ.

ದೇಹ ಬೇರೆ, ಲೆಕ್ಕವೂ ಬೇರೆ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ‘ನಾವು ತಿನ್ನೋದೇ ತಾನೆ, ನಾಯಿಗೇನಾಗುತ್ತೆ?’ ಅನ್ನೋ ಪ್ರಶ್ನೆಗೆ ಉತ್ತರ ಭಾರತದ ಆಕಾಶದಲ್ಲಿದೆ. 1990ರ ದಶಕದಿಂದ ನಮ್ಮ ದೇಶದಲ್ಲಿ ರಣಹದ್ದುಗಳು ಸಾಲುಸಾಲಾಗಿ ಸತ್ತವು. ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ 99%ಕ್ಕಿಂತ ಹೆಚ್ಚು ಕುಸಿಯಿತು. ಕಾರಣ, ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್. ದನಕ್ಕೆ ಔಷಧಿ, ಅದೇ ದನದ ಹೆಣ ತಿಂದ ಹದ್ದಿಗೆ ಮೂತ್ರಪಿಂಡ ಸುಡುವ ವಿಷ. 2006ರಲ್ಲಿ ಪಶುಗಳಿಗೆ ಅದನ್ನು ಬಳಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಒಂದೇ ಅಣು, ಎರಡು ದೇಹ, ಎರಡು ಪರಿಣಾಮ.

ನಾಯಿಯ ಲೆಕ್ಕವೂ ಹೀಗೇ. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ನಾಯಿಯ ಯಕೃತ್ತು ಹಾಳಾಗುತ್ತೆ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತೆ. ಬೆಕ್ಕಿಗಂತೂ ಒಂದೇ ಮಾತ್ರೆ ಸಾಕು ಪ್ರಾಣ ತೆಗೆಯೋಕೆ. ಐಬುಪ್ರೊಫೇನ್, ಡೈಕ್ಲೋಫಿನಾಕ್ ಕೊಟ್ಟರೆ ನಾಯಿಯ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಕಿಡ್ನಿ ಕೈಕೊಡಬಹುದು. ಪಶುವೈದ್ಯರು ನಾಯಿಗೆ ನೋವಿನ ಔಷಧಿ ಕೊಡುವಾಗ ಆ ದೇಹಕ್ಕೆ ಹೊಂದುವ ಬೇರೆ ಅಣುವನ್ನೇ ಆರಿಸುತ್ತಾರೆ. ಮನೆಯ ಮಾತ್ರೆ ಡಬ್ಬಿಯಿಂದ ನಾಯಿಗೆ ಏನನ್ನೂ ಕೊಡಬೇಡಿ, ಅರ್ಧವೂ ಬೇಡ, ಕಾಲೂ ಬೇಡ.

ಚಾಕೊಲೇಟ್ ವಿಷಯ ಹಲವರಿಗೆ ಗೊತ್ತಿದೆ. ಆದರೆ ‘ಒಂದು ಸಲ ತಿಂದಿತ್ತು, ಏನೂ ಆಗಲಿಲ್ಲ’ ಅನ್ನೋ ವಾದವೂ ಜೊತೆಗೇ ಇದೆ. ಏನೂ ಆಗದೇ ಇರೋದಕ್ಕೆ ಕಾರಣ ಗಣಿತ. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್ ಅನ್ನು ನಾಯಿಯ ದೇಹ ಬಹಳ ನಿಧಾನವಾಗಿ ಹೊರಹಾಕುತ್ತೆ. ಪ್ರತಿ ಕಿಲೋ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಸೇರಿದರೆ ವಾಂತಿ, ಭೇದಿ, ಚಡಪಡಿಕೆ ಶುರು. 40ರಿಂದ 50 ದಾಟಿದರೆ ಹೃದಯದ ಬಡಿತ ತಪ್ಪುತ್ತೆ. 60ರ ಹತ್ತಿರ ಫಿಟ್ಸ್ ಬರಬಹುದು. ಮಿಲ್ಕ್ ಚಾಕೊಲೇಟಿನ ಒಂದು ಗ್ರಾಂನಲ್ಲಿ ಅದು ಇರೋದು ಸುಮಾರು 2 ಮಿಲಿಗ್ರಾಂ, ಡಾರ್ಕ್ ಚಾಕೊಲೇಟಿನಲ್ಲಿ 5ಕ್ಕೂ ಹೆಚ್ಚು, ಬೇಕಿಂಗ್ ಚಾಕೊಲೇಟಿನಲ್ಲಿ ಇನ್ನೂ ಜಾಸ್ತಿ. ಅಂದರೆ 10 ಕಿಲೋ ನಾಯಿಗೆ 100 ಗ್ರಾಂ ಮಿಲ್ಕ್ ಚಾಕೊಲೇಟ್ ಮಾಡುವ ಕೆಲಸವನ್ನು 40 ಗ್ರಾಂ ಡಾರ್ಕ್ ಚಾಕೊಲೇಟೇ ಮಾಡಿಬಿಡುತ್ತೆ. ನಾಯಿಯ ತೂಕ ಎಷ್ಟು ಅಂತ ತಿಳಿದಿರಬೇಕಾದದ್ದು ಇದಕ್ಕೇ. ಕಾಫಿಯೂ ಇದೇ ಜಾತಿಯ ಅಪಾಯ. ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿಯುವ ಪುಡಿಯನ್ನು ಗಿಡದ ಕುಂಡಕ್ಕೆ ಹಾಕುವವರು ಸ್ವಲ್ಪ ಯೋಚಿಸಿ.

ನಮ್ಮ ಅಡುಗೆಮನೆಯ ಪಟ್ಟಿ

ಇಂಟರ್‌ನೆಟ್ಟಿನಲ್ಲಿ ಸಿಗುವ ‘ನಾಯಿಗೆ ಕೊಡಬಾರದ ಆಹಾರ’ ಪಟ್ಟಿಗಳಲ್ಲಿ ಬಹುಪಾಲು ಅಮೆರಿಕದ ಅಡುಗೆಮನೆಯವು. ನಮ್ಮ ಪಟ್ಟಿ ಬೇರೆ ಥರ ಇರಬೇಕು.

ದ್ರಾಕ್ಷಿ, ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿಯನ್ನು ನಿಲ್ಲಿಸಿಬಿಡುತ್ತವೆ. ಕೆಲವು ನಾಯಿಗೆ ಏನೂ ಆಗಲ್ಲ, ಕೆಲವಕ್ಕೆ ಒಂದು ಹಿಡಿಯೂ ಬೇಕಾಗಲ್ಲ. ಕಾರಣ ಏನು ಅನ್ನೋದು ಬಹಳ ವರ್ಷ ನಿಗೂಢವಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಪಶುವೈದ್ಯ ವಿಜ್ಞಾನಿಗಳ ಅನುಮಾನ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ತಿರುಗಿದೆ. ಆ ಆಮ್ಲ ಧಾರಾಳವಾಗಿರುವ ಇನ್ನೊಂದು ಪದಾರ್ಥ ಯಾವುದು ಹೇಳಿ? ಹುಣಸೆಹಣ್ಣು. ಹುಣಸೆ ತಿಂದ ನಾಯಿಗಳಲ್ಲಿ ಕಿಡ್ನಿ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಆದ್ದರಿಂದ ಪಾಯಸ, ಕೇಸರಿಬಾತು ಮಾತ್ರ ಅಲ್ಲ, ಪುಳಿಯೋಗರೆ, ಗೊಜ್ಜು, ಹುಳಿ ಸಾರು ಕಲಸಿದ ಅನ್ನವನ್ನೂ ನಾಯಿಯ ತಟ್ಟೆಯಿಂದ ದೂರ ಇಡೋದು ಲೇಸು.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಆ ಗುಣ ಹೋಗಲ್ಲ. ಒಂದೇ ಸಲಕ್ಕೆ ಏನೂ ಕಾಣದೆ, ದಿನಾ ಸ್ವಲ್ಪ ಸ್ವಲ್ಪ ಸೇರಿ ರಕ್ತಹೀನತೆಗೆ ತಿರುಗುವುದೂ ಉಂಟು. ‘ಉಳಿದ ಸಾಂಬಾರು ಅನ್ನ ನಾಯಿಗೆ’ ಅನ್ನೋ ಪದ್ಧತಿ ಬಿಡಬೇಕಾದದ್ದು ಇದಕ್ಕೆ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತೆ.

ಇನ್ನೊಂದು ಹೊಸ ಅತಿಥಿ ಕ್ಸೈಲಿಟಾಲ್. ಶುಗರ್‌ಫ್ರೀ ಚೂಯಿಂಗ್ ಗಮ್, ಕೆಲವು ಟೂತ್‌ಪೇಸ್ಟು, ಕೆಲವು ‘ಡಯಟ್’ ತಿಂಡಿಗಳಲ್ಲಿ ಇರುತ್ತೆ. ನಾಯಿಯ ದೇಹ ಅದನ್ನು ನಿಜವಾದ ಸಕ್ಕರೆ ಅಂತ ತಿಳಿದು ಇನ್ಸುಲಿನ್ ಸುರಿಸುತ್ತೆ, ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆ ಪಾತಾಳಕ್ಕಿಳಿಯಬಹುದು. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ 967 ಅನ್ನೋ ಸಂಖ್ಯೆ ಹುಡುಕಿ. ಅದೇ ಇದರ ಗುರುತು.

ಇಷ್ಟು ಓದಿ ಗಾಬರಿ ಬೇಡ. ಉಪ್ಪು, ಮಸಾಲೆ, ಒಗ್ಗರಣೆ ಇಲ್ಲದ ಅನ್ನ, ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ, ಕ್ಯಾರೆಟ್ ಧೈರ್ಯವಾಗಿ ಕೊಡಬಹುದು. ನಮ್ಮ ಮನೆಯಲ್ಲಿ ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡುತ್ತೇವೆ, ಅಷ್ಟೇ ವ್ಯತ್ಯಾಸ.

ತೆಗೆದುಹಾಕಿ, ಬದಲಿಸಿ, ಅಡ್ಡ ಕಟ್ಟಿ

ಏಣಿಯ ಮೊದಲ ಮೆಟ್ಟಿಲಿಗೆ ಇಲಿ ಪಾಷಾಣದಷ್ಟು ಒಳ್ಳೆಯ ಉದಾಹರಣೆ ಇಲ್ಲ. ಅಂಗಡಿಯಲ್ಲಿ ಸಿಗುವ ಬಿಲ್ಲೆಗಳಲ್ಲಿ ಹಲವು ಬ್ರೊಮಾಡಿಯೋಲೋನ್ ಇರುವಂಥವು. ಅವು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ತಿಂದ ನಾಯಿ ಮೂರು ದಿನ ಆರಾಮಾಗಿ ಓಡಾಡಿಕೊಂಡಿರುತ್ತೆ, ಆಮೇಲೆ ಒಳಗೊಳಗೇ ರಕ್ತ ಸೋರಿ ಕುಸಿಯುತ್ತೆ. ಬೇಗ ಗೊತ್ತಾದರೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಇನ್ನೊಂದು ಬಗೆ ಜಿಂಕ್ ಫಾಸ್ಫೈಡ್. ಅದು ಹೊಟ್ಟೆಯ ಆಮ್ಲ ತಾಗಿದ ಕೂಡಲೇ ವಿಷಾನಿಲವಾಗುತ್ತೆ, ಅದಕ್ಕೆ ಮದ್ದೇ ಇಲ್ಲ. ಆ ನಾಯಿ ಮುಚ್ಚಿದ ಕೋಣೆಯಲ್ಲಿ ವಾಂತಿ ಮಾಡಿದರೆ ಹತ್ತಿರ ಇರುವ ಮನುಷ್ಯರಿಗೂ ಅಪಾಯ. ನಾಯಿ ಇರುವ ಮನೆಯಲ್ಲಿ ‘ಎತ್ತರದಲ್ಲಿ ಇಟ್ಟಿದ್ದೀನಿ’ ಅನ್ನೋದು ಪರಿಹಾರ ಅಲ್ಲ, ಇಲಿಯೇ ಅದನ್ನು ಎಳೆದುಕೊಂಡು ಬರುತ್ತೆ. ಇಲಿ ಬೋನು ತನ್ನಿ, ಪಾಷಾಣ ಬೇಡವೇ ಬೇಡ. ಬೀರುವಿನ ನುಸಿಗುಳಿಗೆಗೂ ಇದೇ ಮಾತು.

ಅಪಾರ್ಟ್‌ಮೆಂಟುಗಳ ಅಂಗಳದಲ್ಲಿ ಅಲಂಕಾರಕ್ಕೆ ನೆಡುವ ಸೈಕಸ್ ಗಿಡ ನೋಡಿದ್ದೀರಲ್ಲ, ತಾಳೆಯ ಮರಿಯ ಹಾಗಿರುತ್ತೆ. ಅದರ ಎಲ್ಲ ಭಾಗವೂ ನಾಯಿಯ ಯಕೃತ್ತಿಗೆ ವಿಷ, ಬೀಜವಂತೂ ಘೋರ. ಪೂಜೆಗೆ ಬೆಳೆಸುವ ಕಣಗಿಲೆ ಹೃದಯಕ್ಕೆ ಕೆಟ್ಟದ್ದು. ಕಾಫಿ ತೋಟ ಇರುವವರು ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನು ಈ ಪಟ್ಟಿಗೆ ಸೇರಿಸಿಕೊಳ್ಳಿ.

ಅಡ್ಡ ಕಟ್ಟೋದು ಅಂದ್ರೆ ದೊಡ್ಡ ಖರ್ಚಲ್ಲ. ಕಾಲಲ್ಲಿ ಒತ್ತಿ ತೆರೆಯುವ ಮುಚ್ಚಳದ ಕಸದಬುಟ್ಟಿ, ಚಿಲಕ ಇರುವ ಮಾತ್ರೆ ಡಬ್ಬಿ, ಬಾಲ್ಕನಿಗೆ ಬಲೆ, ಮರಿ ಇದ್ದರೆ ನೆಲದ ಮೇಲಿನ ವೈರಿಗೆ ಕೊಳವೆ. ರಿಮೋಟಿನ ಸಣ್ಣ ಬಿಲ್ಲೆ ಬ್ಯಾಟರಿ ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತೆ. ಹಾಗಾಗಿ ಸ್ಕ್ರೂ ಹಾಕಿ ಮುಚ್ಚುವ ರಿಮೋಟನ್ನೇ ಬಳಸಿ. ಲಿಫ್ಟಿನಲ್ಲಿ ಹೋಗುವಾಗ ನಾಯಿಯ ಬೆಲ್ಟನ್ನು ಗಿಡ್ಡ ಹಿಡಿಯಿರಿ. ನೀವು ಒಳಗೆ, ನಾಯಿ ಹೊರಗೆ, ನಡುವೆ ಬಾಗಿಲು ಮುಚ್ಚಿಕೊಂಡರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ನಾಲ್ಕನೇ ಮೆಟ್ಟಿಲು, ನಿಯಮ. ನಗರದ ಬಹಳಷ್ಟು ಮನೆಗಳಲ್ಲಿ ಹಗಲು ಹೊತ್ತು ನಾಯಿಯ ಜೊತೆ ಇರೋದು ಮನೆಕೆಲಸಕ್ಕೆ ಬರುವ ಅಕ್ಕ, ವಾಕಿಂಗ್ ಮಾಡಿಸುವ ಹುಡುಗ. ನಿಯಮಗಳು ಮಾತ್ರ ಇಂಗ್ಲಿಷಿನಲ್ಲಿ, ಮಾಲೀಕರ ಫೋನಿನೊಳಗೆ! ಫ್ರಿಜ್ ಮೇಲೆ ಅವರು ಓದುವ ಭಾಷೆಯಲ್ಲಿ ಏನೇನು ಕೊಡಬಾರದು, ಪಶುವೈದ್ಯರ ನಂಬರ್ ಯಾವುದು ಅಂತ ಬರೆದು ಅಂಟಿಸಿ. ನಾಯಿ ಅವರನ್ನು ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅವತ್ತೇ ಆಸ್ಪತ್ರೆಗೆ ಹೋಗಬೇಕು ಅನ್ನೋದನ್ನೂ ಬರೆಯಿರಿ. ಹೋಗಿಬರುವ ಖರ್ಚು, ಆ ದಿನದ ಸಂಬಳ ನಿಮ್ಮ ಜವಾಬ್ದಾರಿ. ನಾಯಿ ನಿಮ್ಮದು ತಾನೆ?

ಬಿಸಿಲು ಎಲ್ಲರಿಗೂ ಒಂದೇ ಅಲ್ಲ

ನಾಯಿ ನಮ್ಮ ಹಾಗೆ ಮೈತುಂಬ ಬೆವರಲ್ಲ. ಏದುಸಿರು ಬಿಟ್ಟು ಬಾಯಿ, ನಾಲಗೆಯ ತೇವ ಆರಿಸಿಯೇ ತಣ್ಣಗಾಗಬೇಕು. ಅದರ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿದರೆ ಅಂಗಾಂಗಗಳು ಕೆಡಲು ಶುರು. ಕಿಟಕಿ ಮುಚ್ಚಿದ ಕಾರಿನಲ್ಲಿ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತೆ. ‘ಎಟಿಎಂಗೆ ಹೋಗಿ ಬಂದೆ’ ಅನ್ನುವಷ್ಟರಲ್ಲಿ ಅನಾಹುತ. ಮಧ್ಯಾಹ್ನದ ರಸ್ತೆಯ ಮೇಲೆ ನಿಮ್ಮ ಕೈಯ ಹಿಂಭಾಗವನ್ನು ಐದಾರು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯ ಪಾದವನ್ನೂ ಇಡಿಸಬೇಡಿ. ನಾಯಿ ಬಳಲಿ ಜೊಲ್ಲು ಸುರಿಸುತ್ತಾ ತೂರಾಡಿದರೆ ನೆರಳಿಗೆ ಎಳೆದು, ಮೈಗೆಲ್ಲ ತಣ್ಣೀರು ಹೊಯ್ದು, ಫ್ಯಾನ್ ಹಾಕಿ, ಆಸ್ಪತ್ರೆಗೆ ಹೊರಡಿ.

ಮೋಟು ಮೂಗಿನ ಪಗ್, ಬುಲ್‌ಡಾಗ್‌ಗಳಿಗೆ ಏದುಸಿರು ಬಿಡೋದೇ ಕಷ್ಟ. ಹಸ್ಕಿ ಹುಟ್ಟಿದ್ದು ಹಿಮದ ನಾಡಿಗೆ. ಮನುಷ್ಯರಿಗೆ ಅಪಾಯ ಅಂತ 23 ತಳಿಗಳನ್ನು ನಿಷೇಧಿಸಲು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಗ ನಡೆದ ಚರ್ಚೆ ನಿಮಗೆ ನೆನಪಿರಬಹುದು. ನಮ್ಮ ಹವೆಯೇ ಯಾವ ತಳಿಗೆ ಅಪಾಯ ಅನ್ನೋ ಚರ್ಚೆ ಅಷ್ಟು ಜೋರಾಗಿ ನಡೆದದ್ದು ನಾನು ಕಂಡಿಲ್ಲ. ಇನ್ನೂ ನಾಯಿ ತಂದಿಲ್ಲ ಅನ್ನುವವರಿಗೆ ಎರಡನೇ ಮೆಟ್ಟಿಲು ಇಲ್ಲೇ ಇದೆ: ಬೀದಿಯಲ್ಲಿ ಹುಟ್ಟಿದ ಕಂತ್ರಿ ಮರಿ ಈ ಬಿಸಿಲಿಗೆ ಹೇಳಿ ಮಾಡಿಸಿದ ನಾಯಿ.

ತಿಂದೇ ಬಿಟ್ಟಿತು, ಈಗೇನು?

ಹಾಲು ಕುಡಿಸಿದರೆ ವಿಷ ಇಳಿಯಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ, ಆ ಉಪ್ಪೇ ಮಿದುಳಿಗೆ ಕುತ್ತಾಗಬಹುದು. ಆಸಿಡ್, ಸೀಮೆಎಣ್ಣೆಯಂಥವು ವಾಂತಿಯಾಗಿ ಮೇಲೆ ಬಂದರೆ ಎರಡನೇ ಸಲ ಸುಡುತ್ತವೆ, ಶ್ವಾಸಕೋಶಕ್ಕೂ ಹೋಗುತ್ತವೆ. ನೀವು ಮಾಡಬೇಕಾದದ್ದು ಇಷ್ಟು: ತಿಂದದ್ದರ ಪೊಟ್ಟಣ ಅಥವಾ ಫೋಟೋ, ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು, ನಾಯಿಯ ತೂಕ. ಈ ನಾಲ್ಕನ್ನು ಹಿಡಿದುಕೊಂಡು ಪಶುವೈದ್ಯರಿಗೆ ಫೋನ್ ಮಾಡುತ್ತಲೇ ಹೊರಡಿ. ವಾಂತಿ ಮಾಡಿಸಬೇಕೋ ಬೇಡವೋ ಅನ್ನೋದನ್ನು ಅವರು ನಿರ್ಧರಿಸಲಿ. ಮೊದಲ ಒಂದೆರಡು ಗಂಟೆಯಲ್ಲಿ ತಲುಪಿದರೆ ವಿಷ ರಕ್ತಕ್ಕೆ ಸೇರುವ ಮುಂಚೆ ತೆಗೆಯುವ ಅವಕಾಶ ಹೆಚ್ಚು. ‘ಬೆಳಗ್ಗೆವರೆಗೂ ನೋಡೋಣ’ ಅಂತ ಕಾಯಬೇಡಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ನಿಮ್ಮ ಊರಿನಲ್ಲಿ ಎಲ್ಲಿದೆ ಅಂತ ಇವತ್ತೇ ಹುಡುಕಿಡಿ.

ಗೇಟು ತಡೆಯದ ಅಪಾಯಗಳು

ಇಲ್ಲಿವರೆಗೆ ಹೇಳಿದ್ದೆಲ್ಲ ನಿಮ್ಮ ಕೈಯಲ್ಲೇ ಇದೆ. ಇನ್ನು ಮೂರು ಅಪಾಯಗಳನ್ನು ಯಾವ ಮನೆಯೂ ಒಂಟಿಯಾಗಿ ತಡೆಯಲಾರದು.

ಮೊದಲನೆಯದು ಪಾರ್ವೊ. ಮರಿಗಳಿಗೆ ರಕ್ತಭೇದಿ ತರುವ ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತೆ, ನಿಮ್ಮ ಚಪ್ಪಲಿಯಲ್ಲೇ ಮನೆಯೊಳಗೆ ಬರುತ್ತೆ. ಆರರಿಂದ ಎಂಟು ವಾರದಲ್ಲಿ ಲಸಿಕೆ ಶುರು ಮಾಡಿ, ಮೂರ್ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ಕೊಡುತ್ತಾರೆ. ಯಾಕೆ ಇಷ್ಟು ಸಲ? ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಇರುವವರೆಗೂ ಅವು ಲಸಿಕೆಯನ್ನೇ ಶತ್ರು ಅಂತ ಹೊಡೆದುಹಾಕುತ್ತವೆ. ಅವು ಯಾವ ಮರಿಯಲ್ಲಿ ಯಾವಾಗ ಕಡಿಮೆಯಾಗುತ್ತವೆ ಅಂತ ಹೇಳಲು ಆಗಲ್ಲ. ಹಾಗಾಗಿ ಒಂದಾದರೂ ಡೋಸು ನಾಟಲಿ ಅಂತ ಸಾಲಾಗಿ ಕೊಡೋದು. ಎರಡು ಕೊಡಿಸಿ ‘ಸಾಕು’ ಅಂತ ಬಿಟ್ಟರೆ ಲಸಿಕೆ ಹಾಕಿಸಿದ ಮರಿಯೂ ಸಾಯಬಹುದು.

ಎರಡನೆಯದು ಉಣುಗು. ಮಲೆನಾಡಿನವರಿಗೆ ಉಣುಗು ಅಂದ್ರೆ ಮಂಗನ ಕಾಯಿಲೆ. ನಾಯಿಯ ಮೈಮೇಲೆ ಮನೆಯೊಳಗೆ ಬರುವ ಕಂದು ಉಣುಗು ಬೇರೆ ಜಾತಿ, ಅದು ಹರಡೋದು ನಾಯಿಯ ‘ಟಿಕ್ ಫೀವರ್’. ಜ್ವರ, ಊಟ ಬಿಡೋದು, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ ಕಂಡರೆ ತಕ್ಷಣ ರಕ್ತ ಪರೀಕ್ಷೆ ಮಾಡಿಸಿ. ಒಂದು ಹೆಣ್ಣು ಉಣುಗು ಸಾವಿರಾರು ಮೊಟ್ಟೆಯನ್ನು ಗೋಡೆಯ ಬಿರುಕಿನಲ್ಲಿ ಇಡುತ್ತೆ. ಅದರ ಜೀವನದ ಬಹುಭಾಗ ಕಳೆಯೋದು ನಾಯಿಯ ಮೈಮೇಲಲ್ಲ, ಗೋಡೆಯಲ್ಲಿ. ಬರೀ ಸ್ನಾನ ಮಾಡಿಸಿದರೆ ಸಾಲದು ಅನ್ನೋದು ಅದಕ್ಕೇ. ವೈದ್ಯರು ಹೇಳಿದ ಮಾತ್ರೆ ತಪ್ಪಿಸಬೇಡಿ, ಗೋಡೆಯ ಬಿರುಕು ಮುಚ್ಚಿಸಿ.

ಮೂರನೆಯದು ರೇಬೀಸ್. ಲಕ್ಷಣ ಕಂಡ ಮೇಲೆ ನಾಯಿಗೂ ಮನುಷ್ಯನಿಗೂ ಉಳಿಗಾಲ ಇಲ್ಲವೆಂದೇ ಲೆಕ್ಕ. ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವರ್ಷ ವರ್ಷ. ಲಸಿಕೆ ಅನ್ನೋದು ನಮ್ಮ ಏಣಿಯ ಕೊನೆಯ ಮೆಟ್ಟಿಲು, ಒಂದೊಂದು ನಾಯಿಗೆ ತೊಡಿಸುವ ಹೆಲ್ಮೆಟ್ಟು. ಆದರೆ ಒಂದು ಪ್ರದೇಶದ ನಾಯಿಗಳಲ್ಲಿ 70%ಕ್ಕೆ ಲಸಿಕೆ ಬಿದ್ದರೆ ರೇಬೀಸಿನ ಸರಪಳಿಯೇ ತುಂಡಾಗುತ್ತೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಆಗ ಅದೇ ಲಸಿಕೆ ಏಣಿಯ ಮೊದಲ ಮೆಟ್ಟಿಲಿಗೆ ಏರಿಬಿಡುತ್ತೆ, ಅಪಾಯವನ್ನೇ ತೆಗೆದುಹಾಕುತ್ತೆ.

2023ರ ಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯಲ್ಲಿ ಎಣಿಸಿದ ಬೀದಿನಾಯಿಗಳು ಸುಮಾರು 2.79 ಲಕ್ಷ. 2025ರ ಆಗಸ್ಟ್‌ನಲ್ಲಿ ದಿಲ್ಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗ ನಮ್ಮ ಟೈಮ್‌ಲೈನುಗಳು ನಾಯಿ ಪರ, ನಾಯಿ ವಿರೋಧ ಅಂತ ಎರಡು ಹೋಳಾದವು. ಆ ಗಲಾಟೆಯಲ್ಲಿ ಕಳೆದುಹೋದ ಮಾತು ಇದು: ಬೀದಿಯ ಕರಿಯನಿಗೆ ಲಸಿಕೆ ಹಾಕುವುದು ಕರಿಯನ ಮೇಲಿನ ಕರುಣೆ ಮಾತ್ರ ಅಲ್ಲ. ಸೋಫಾ ಮೇಲೆ ಮಲಗಿರುವ ನಿಮ್ಮ ನಾಯಿ, ಅದನ್ನು ವಾಕಿಂಗ್ ಮಾಡಿಸುವ ಹುಡುಗ, ಗೇಟಿನಾಚೆ ಆಡುವ ಮಕ್ಕಳು, ಎಲ್ಲರ ಸುರಕ್ಷತೆಯೂ ಅದರಲ್ಲೇ ಇದೆ. ಖಾಸಗಿ ಕ್ಲಿನಿಕ್ಕಿನ ಎಷ್ಟೇ ದುಬಾರಿ ಪ್ಯಾಕೇಜೂ ಆ ಕೆಲಸ ಮಾಡಲಾರದು.

ಈ ವಾರ ಮೂರು ಕೆಲಸ ಮಾಡಿ. ಮನೆಯಲ್ಲಿ ನಾಯಿಯ ಎತ್ತರಕ್ಕೆ ಕೂತು ಒಂದು ಸುತ್ತು ನೋಡಿ, ಸಿಕ್ಕಿದ್ದನ್ನು ಎತ್ತಿಡಿ. ನಾಯಿಯ ಲಸಿಕೆ ಪುಸ್ತಕ ತೆಗೆದು ಕೊನೆಯ ತಾರೀಕು ನೋಡಿ. ಆಮೇಲೆ ನಿಮ್ಮ ಪಾಲಿಕೆಗೋ ಪಂಚಾಯಿತಿಗೋ ಒಂದು ಅರ್ಜಿ ಹಾಕಿ ಕೇಳಿ: ನಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗಳಿವೆ, ಕಳೆದ ವರ್ಷ ಎಷ್ಟಕ್ಕೆ ರೇಬೀಸ್ ಲಸಿಕೆ ಹಾಕಿದ್ದೀರಿ? ಉತ್ತರ 70%ಕ್ಕಿಂತ ಕಡಿಮೆ ಬಂದರೆ ಮುಂದಿನ ವಾರ್ಡ್ ಸಭೆಯಲ್ಲಿ ಎತ್ತಬೇಕಾದ ಪ್ರಶ್ನೆ ನಿಮ್ಮ ಕೈಯಲ್ಲಿದೆ.